ಜೈಲಿನ ಮಾಫಿ ಲೆಕ್ಕ: ಸನ್ನಡತೆಯಿಂದ ಶಿಕ್ಷೆ ಎಷ್ಟು ಕಡಿಮೆಯಾಗುತ್ತದೆ, ಆ ದಿನಗಳು ಕೈತಪ್ಪುವುದು ಎಲ್ಲಿ

ಆಗಸ್ಟ್ 15 ಹತ್ತಿರ ಬಂತೆಂದರೆ ‘ಸನ್ನಡತೆ ಆಧಾರದ ಮೇಲೆ ಕೈದಿಗಳ ಬಿಡುಗಡೆ’ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಅದನ್ನು ಓದಿದ ಎಷ್ಟೋ ಮನೆಯವರು ‘ನಮ್ಮ ಹುಡುಗನೂ ಸುಮ್ಮನಿದ್ದಾನಲ್ಲ, ಅವನನ್ನೇಕೆ ಬಿಡಲಿಲ್ಲ’ ಎಂದು ಶಾಸಕರ ಮನೆ ಬಾಗಿಲಿಗೆ ಅಲೆಯುತ್ತಾರೆ. ಆದರೆ ಪತ್ರಿಕೆಯಲ್ಲಿ ಬರುವ ಬಿಡುಗಡೆಯೇ ಬೇರೆ, ತಿಂಗಳು ತಿಂಗಳು ಕೂಡುವ ಮಾಫಿಯೇ (ಶಿಕ್ಷೆಯಿಂದ ಕಳೆಯುವ ದಿನಗಳು) ಬೇರೆ. ಮೊದಲನೆಯದು ಸರ್ಕಾರದ ತೀರ್ಮಾನ. ಎರಡನೆಯದು ಜೈಲಿನ ಕಚೇರಿಯಲ್ಲಿ ನಡೆಯುವ ಲೆಕ್ಕ. ಅದು ಬರುವುದು ಕಾಗದದ ಮೇಲೆ, ತಪ್ಪುವುದೂ ಕಾಗದದ ಮೇಲೆಯೇ.

ಕರ್ನಾಟಕದ ಜೈಲುಗಳಿಗೆ 1963ರ ಕಾರಾಗೃಹ ಅಧಿನಿಯಮ, 1974ರ ನಿಯಮಗಳು ಮತ್ತು 2021ರ ಕಾರಾಗೃಹ ಕೈಪಿಡಿ ಆಧಾರ. ಮಾಫಿಯ ದರ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಇಲ್ಲಿನ ಲೆಕ್ಕಕ್ಕೆ ಕೇಂದ್ರ ಗೃಹ ಸಚಿವಾಲಯದ 2016ರ ಮಾದರಿ ಕೈಪಿಡಿಯ ದರ ಹಿಡಿದಿದ್ದೇವೆ. ನಿಮ್ಮವರ ಮಾಫಿ ಕಾರ್ಡಿನಲ್ಲಿ (ಗಳಿಸಿದ ದಿನಗಳನ್ನು ಜೈಲಿನವರು ಬರೆದಿಡುವ ಕಾರ್ಡ್) ಬೇರೆ ದರ ಬರೆದಿದ್ದರೆ ಅದನ್ನೇ ಹಾಕಿ ಲೆಕ್ಕ ಮಾಡಿ.

ಮೊದಲು: ಈ ಶಿಕ್ಷೆಗೆ ಮಾಫಿ ಉಂಟೋ ಇಲ್ಲವೋ

ವಿಚಾರಣಾಧೀನ ಕೈದಿಗೆ ಮಾಫಿ ಇಲ್ಲ. ಶಿಕ್ಷೆಯೇ ಆಗದಿರುವಾಗ ಕಡಿಮೆ ಮಾಡುವುದೇನನ್ನು? ಅವರಿಗಿರುವ ದಾರಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ. ಆರೋಪಿತ ಅಪರಾಧದ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗಿದ್ದರೆ, ಹಿಂದೆ ಎಂದೂ ಶಿಕ್ಷೆಯಾಗದವರಾದರೆ ಮೂರನೇ ಒಂದು ಭಾಗ ಕಳೆದಿದ್ದರೆ, ಜಾಮೀನಿನ ಮೇಲೆ ಬಿಡಬೇಕು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇರುವ ಅಪರಾಧಗಳಿಗೆ ಇದು ಸಲ್ಲದು. ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇದ್ದರೂ ಸಿಗದು. ಅವಧಿ ತುಂಬಿದ ಕೂಡಲೇ ಕೋರ್ಟಿಗೆ ಬರೆಯಬೇಕಾದ ಹೊಣೆ ಜೈಲು ಸೂಪರಿಂಟೆಂಡೆಂಟರದ್ದು.

ಶಿಕ್ಷೆಯಾದವರಲ್ಲೂ ಎಲ್ಲರಿಗೂ ಮಾಫಿ ಇಲ್ಲ. ಮುಖ್ಯ ಶಿಕ್ಷೆ ಎರಡು ತಿಂಗಳಿಗಿಂತ ಕಡಿಮೆಯಿದ್ದರೆ ಇಲ್ಲ. ದಂಡ ಕಟ್ಟದ್ದಕ್ಕಷ್ಟೇ ಒಳಗಿರುವವರಿಗೆ ಇಲ್ಲ. ಜೈಲಿನೊಳಗೇ ಗಲಭೆ, ಹಲ್ಲೆಯಂಥ ಅಪರಾಧ ಮಾಡಿ ಶಿಕ್ಷೆಗೊಳಗಾದವರಿಗೂ ಇಲ್ಲ. ಗಾಂಜಾ, ಅಫೀಮು, ಎಂಡಿಎಂಎ ಪ್ರಕರಣಗಳಲ್ಲಿ ಮಾದಕ ವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯ 32ಎ ಕಲಂ ಮಾಫಿಗೆ ಅಡ್ಡ ಬರುತ್ತದೆ. ಸೇವನೆಗೆ ಸಂಬಂಧಿಸಿದ 27ನೇ ಕಲಂ ಮಾತ್ರ ಇದಕ್ಕೆ ಹೊರತು. ಹಾಗಾಗಿ ಎನ್‌ಡಿಪಿಎಸ್‌ನಲ್ಲಿ 10 ವರ್ಷವಾದವರ ಮನೆಯವರಿಗೆ ಯಾರಾದರೂ ‘ಏಳು ವರ್ಷಕ್ಕೆ ಬಿಡಿಸ್ತೀನಿ’ ಎಂದು ದುಡ್ಡು ಕೇಳಿದರೆ ಅದು ಮೋಸ. ಆ ಹಣ ಮೇಲ್ಮನವಿಯ ವಕೀಲರಿಗೆ ಹೋಗಲಿ.

ವಾರಂಟ್ ಓದಿ

ಜೈಲಿನವರು ಲೆಕ್ಕ ಹಾಕುವುದು ತೀರ್ಪನ್ನು ಓದಿ ಅಲ್ಲ, ಕೋರ್ಟು ಕಳಿಸಿದ ಶಿಕ್ಷೆಯ ವಾರಂಟ್ ನೋಡಿ. ತೀರ್ಪು 60 ಪುಟವಿದ್ದರೂ ವಾರಂಟ್ ಒಂದೆರಡು ಪುಟ. ಅಲ್ಲಿ ಒಂದು ಪದ ಬಿಟ್ಟುಹೋದರೆ ವರ್ಷಗಳೇ ಏರುಪೇರಾಗುತ್ತವೆ. ಅದರಲ್ಲಿ ಮೂರು ಸಂಗತಿ ಹುಡುಕಿ.

ಒಂದು, ಹಲವು ಕಲಂಗಳಲ್ಲಿ ಶಿಕ್ಷೆಯಾಗಿದ್ದರೆ ‘ಏಕಕಾಲದಲ್ಲಿ ಜಾರಿ’ ಎಂಬ ಮಾತು. ಅದಿಲ್ಲದಿದ್ದರೆ ಕಾನೂನಿನ ಪ್ರಕಾರ ಶಿಕ್ಷೆಗಳು ಒಂದಾದ ಮೇಲೊಂದು ನಡೆಯುತ್ತವೆ. ಮೂರು ವರ್ಷ, ಎರಡು ವರ್ಷ, ಒಂದು ವರ್ಷ ಸೇರಿ ಆರಾಗುತ್ತದೆ. ಏಕಕಾಲದಲ್ಲಿ ಎಂದಿದ್ದರೆ ಮೂರೇ. ಬೇರೆ ಬೇರೆ ಪ್ರಕರಣಗಳಲ್ಲಿ, ಬೇರೆ ಬೇರೆ ದಿನ ಶಿಕ್ಷೆಯಾದಾಗಲೂ ಸಾಮಾನ್ಯವಾಗಿ ಇದೇ ನಿಯಮ. ತೀರ್ಪಿನಲ್ಲಿ ಆ ಮಾತಿದ್ದು ವಾರಂಟಿನಲ್ಲಿ ಇಲ್ಲದಿದ್ದರೆ ಅದೇ ಕೋರ್ಟಿಗೆ ಅರ್ಜಿ ಹಾಕಿ ವಾರಂಟ್ ತಿದ್ದಿಸಬಹುದು. ತೀರ್ಪಿನಲ್ಲೇ ಇಲ್ಲದಿದ್ದರೆ ಹೈಕೋರ್ಟಿಗೆ ಹೋಗಬೇಕು.

ಎರಡು, ಸೆಟ್-ಆಫ್. ವಿಚಾರಣೆ ನಡೆಯುವಾಗ ಒಳಗಿದ್ದ ದಿನಗಳನ್ನು ಶಿಕ್ಷೆಯಿಂದ ಕಳೆಯಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 428ನೇ ಕಲಂ, ಈಗ ನಾಗರಿಕ ಸುರಕ್ಷಾ ಸಂಹಿತೆಯ 468. ದಿನಗಳು ಬಿಟ್ಟುಹೋಗುವುದು ಇಲ್ಲಿಯೇ ಹೆಚ್ಚು. ಜಾಮೀನು ರದ್ದಾಗಿ ಮತ್ತೆ ಒಳಗೆ ಹೋದ ಅವಧಿ, ಬೇರೆ ಜೈಲಿನಲ್ಲಿ ಕಳೆದ ತಿಂಗಳು, ಪೊಲೀಸ್ ಕಸ್ಟಡಿಯ ದಿನ ವಾರಂಟಿನಲ್ಲಿ ಇರುವುದೇ ಇಲ್ಲ. ಬಂಧನದ ದಿನಾಂಕ, ಜಾಮೀನಿನ ಮೇಲೆ ಹೊರಬಂದ ದಿನಾಂಕ, ಮತ್ತೆ ಶರಣಾದ ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದು, ಕೋರ್ಟಿನ ಆರ್ಡರ್ ಶೀಟ್ (ಪ್ರತಿ ವಿಚಾರಣೆಯ ದಿನದ ದಾಖಲೆ) ಪ್ರತಿಯ ಜತೆ ಸೂಪರಿಂಟೆಂಡೆಂಟರಿಗೆ ಕೊಡಿ. ಒಂದು ಪ್ರಕರಣದಲ್ಲಿ ಒಳಗಿದ್ದಾಗಲೇ ಬಾಡಿ ವಾರಂಟ್ (ಜೈಲಿನಲ್ಲಿರುವವರನ್ನು ಹಾಜರುಪಡಿಸಲು ಕೋರ್ಟು ಕೊಡುವ ಆದೇಶ) ಮೇಲೆ ಇನ್ನೊಂದರಲ್ಲೂ ಬಂಧನ ತೋರಿಸಿದ್ದರೆ, ಆ ದಿನಗಳು ಎರಡೂ ಪ್ರಕರಣಗಳಿಗೆ ಸಲ್ಲುತ್ತವೆ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿದೆ. ಎರಡನೇ ಪ್ರಕರಣದ ಆರ್ಡರ್ ಶೀಟಿನಲ್ಲಿ ಆ ದಾಖಲೆ ಇರಬೇಕು, ಅಷ್ಟೆ.

ಮೂರು, ದಂಡ. ‘20,000 ರೂಪಾಯಿ ದಂಡ, ತಪ್ಪಿದರೆ ಆರು ತಿಂಗಳು’ ಎಂದಿದ್ದರೆ ಆ ಆರು ತಿಂಗಳು ಮುಖ್ಯ ಶಿಕ್ಷೆ ಮುಗಿದ ಮೇಲೆ ಶುರುವಾಗುತ್ತದೆ. ಅದಕ್ಕೆ ಸೆಟ್-ಆಫ್ ಕೂಡ ಇಲ್ಲ. ನಾಲ್ಕು ವರ್ಷ ಕಷ್ಟಪಟ್ಟು ಗಳಿಸಿದ ಮಾಫಿ ಹೀಗೆ ಕಟ್ಟದ ದಂಡದಲ್ಲಿ ಕರಗಿಹೋಗುವುದುಂಟು. ಭಾಗಶಃ ಕಟ್ಟಿದರೂ ಅದಕ್ಕೆ ತಕ್ಕಷ್ಟು ದಿನ ಇಳಿಯುತ್ತದೆ. ನಿಜಕ್ಕೂ ಕೈಲಾಗದವರಿಗೆ 2023ರಿಂದ ಕೇಂದ್ರದ ಬಡ ಕೈದಿಗಳ ನೆರವು ಯೋಜನೆ ಇದೆ. ಅದರಲ್ಲಿ ದಂಡಕ್ಕೆ 25,000 ರೂಪಾಯಿವರೆಗೆ ಸಿಗುತ್ತದೆ. ಅರ್ಜಿ ಜೈಲಿನ ಮೂಲಕ ಜಿಲ್ಲಾ ಮಟ್ಟದ ಸಮಿತಿಗೆ ಹೋಗುತ್ತದೆ.

ತಿಂಗಳ ಮಾಫಿ ಗಳಿಸುವುದು

ಸಾಮಾನ್ಯ ಮಾಫಿ ತಿಂಗಳಿಗೆ ಆರು ದಿನ. ಶಿಸ್ತು, ಸನ್ನಡತೆ, ಜೈಲಿನ ಚಟುವಟಿಕೆಗಳಲ್ಲಿ ಪಾಲ್ಗೊಂಡದ್ದಕ್ಕೆ ಮೂರು. ಕೊಟ್ಟ ಕೆಲಸವನ್ನು ನಿಗದಿತ ಮಟ್ಟದಲ್ಲಿ ಮಾಡಿದ್ದಕ್ಕೆ ಮೂರು. ‘ನಾನು ಯಾರ ತಂಟೆಗೂ ಹೋಗಲ್ಲ’ ಎಂದು ಬ್ಯಾರಕಿನ ಮೂಲೆಯಲ್ಲಿ ಕೂತವರಿಗೆ ಅರ್ಧ ಮಾಫಿಯಷ್ಟೇ.

ಆದ್ದರಿಂದ ಕೆಲಸ ಕೇಳಿ ಪಡೆಯಬೇಕು. ಕಠಿಣ ಶಿಕ್ಷೆಯವರಿಗೆ ಕೆಲಸ ಕಡ್ಡಾಯ, ಆದರೆ ಕೈದಿಗಳು ತುಂಬಿ ತುಳುಕುವ ಜೈಲಿನಲ್ಲಿ ಎಲ್ಲರಿಗೂ ಕೆಲಸ ತಾನಾಗಿ ಬರುವುದಿಲ್ಲ. ಸಾದಾ ಶಿಕ್ಷೆಯವರು ‘ನಾನು ಕೆಲಸ ಮಾಡಲು ಸಿದ್ಧ’ ಎಂದು ಬರೆದುಕೊಡಬೇಕು. ನೇಯ್ಗೆ, ಬಡಗಿ ಕೆಲಸ, ಟೈಲರಿಂಗ್, ಬೇಕರಿ, ತೋಟ, ಯಾವುದಾದರೂ ಸರಿ. ಹಾಜರಿ ಪುಸ್ತಕದಲ್ಲಿ ಹೆಸರು ಬೀಳುವುದು ಮುಖ್ಯ. ಅಡುಗೆ ಮನೆ, ಸ್ವಚ್ಛತೆಯಂತೆ ಭಾನುವಾರ, ಹಬ್ಬಗಳಲ್ಲೂ ನಡೆಯುವ ಕೆಲಸಕ್ಕೆ ಮೂರರ ಬದಲು ಐದು ದಿನ ಸಿಗುತ್ತದೆ, ತಿಂಗಳಿಗೆ ಒಟ್ಟು ಎಂಟು. ಬೆಳಗಿನ ಜಾವ ಎದ್ದು ಸಾವಿರಾರು ಜನರಿಗೆ ಬೇಯಿಸುವ ಕೆಲಸ ಯಾರಿಗೂ ಇಷ್ಟವಿಲ್ಲ. ಆದರೆ ವರ್ಷಕ್ಕೆ 24 ದಿನ ಹೆಚ್ಚು ಕೊಡುವುದು ಅದೇ.

ತಿಂಗಳು ಎಂದರೆ ಕ್ಯಾಲೆಂಡರ್ ತಿಂಗಳು, ಮುರಿದ ತಿಂಗಳಿಗೆ ಮಾಫಿ ಇಲ್ಲ. ಲೆಕ್ಕ ಶುರುವಾಗುವುದು ಶಿಕ್ಷೆಯಾದ ಮುಂದಿನ ತಿಂಗಳ ಒಂದನೇ ತಾರೀಖಿನಿಂದ.

ವಾರ್ಷಿಕ ಸನ್ನಡತೆ ಮಾಫಿ: ದೊಡ್ಡ ಗಂಟು

ಶಿಕ್ಷೆಯಾದ ದಿನದಿಂದ ಒಂದು ವರ್ಷ ಯಾವ ಜೈಲು ಅಪರಾಧವೂ ಇಲ್ಲದಿದ್ದರೆ 30 ದಿನ ಸೇರುತ್ತದೆ. ಇದು ತಿಂಗಳ ಮಾಫಿಯ ಮೇಲಿನ ಗಳಿಕೆ. ಬರಿಯ ಎಚ್ಚರಿಕೆ ಕೊಟ್ಟರೆ ವರ್ಷದ ಲೆಕ್ಕ ಮುರಿಯುವುದಿಲ್ಲ. ಅದಕ್ಕಿಂತ ದೊಡ್ಡ ಶಿಕ್ಷೆ ದಾಖಲಾದರೆ ಆ ದಿನದಿಂದ ಹೊಸ ವರ್ಷ ಎಣಿಸುತ್ತಾರೆ.

ಒಂದು ಲೆಕ್ಕ ಹಾಕಿ ನೋಡೋಣ. 2020ರ ಜೂನ್ 18ರಂದು 7 ವರ್ಷ ಶಿಕ್ಷೆ. ವಿಚಾರಣೆ ಕಾಲದಲ್ಲಿ 14 ತಿಂಗಳು ಒಳಗಿದ್ದಾರೆ. ದಂಡ ಕಟ್ಟಿಯಾಗಿದೆ.

ಮಾಫಿಯಿಲ್ಲದೆ ಶಿಕ್ಷೆ ಮುಗಿಯುವುದು 2027ರ ಜೂನ್ 17ಕ್ಕೆ. ಸೆಟ್-ಆಫ್ 14 ತಿಂಗಳು ಕಳೆದರೆ 2026ರ ಏಪ್ರಿಲ್ 17. ಇನ್ನು ಮಾಫಿ. 2020ರ ಜುಲೈನಿಂದ 2024ರ ಡಿಸೆಂಬರ್‌ವರೆಗೆ ಪೂರ್ತಿ ತಿಂಗಳು 54. ಆರರಂತೆ 324 ದಿನ. 2021, 22, 23, 24ರ ಜೂನ್‌ಗಳಲ್ಲಿ ನಾಲ್ಕು ವಾರ್ಷಿಕ ಮಾಫಿ ಸೇರಿ 120 ದಿನ. ಒಟ್ಟು 444. ಏಪ್ರಿಲ್ 17ರಿಂದ ಅಷ್ಟು ಹಿಂದಕ್ಕೆ ಹೋದರೆ ಬಿಡುಗಡೆ 2025ರ ಜನವರಿ 28ಕ್ಕೆ.

ಇದೇ ವ್ಯಕ್ತಿ 2024ರ ಮಾರ್ಚ್‌ನಲ್ಲಿ ಸ್ನಾನದ ನೀರಿಗೆ ಜಗಳ ಮಾಡಿ ಸಣ್ಣದೊಂದು ಶಿಕ್ಷೆ ದಾಖಲಾಯಿತು ಎನ್ನಿ. ಆ ತಿಂಗಳ ಸನ್ನಡತೆಯ ಮೂರು ದಿನ ಹೋಯಿತು. 2024ರ ಜೂನ್‌ಗೆ ಬರಬೇಕಿದ್ದ 30 ದಿನವೂ ಹೋಯಿತು. ಹೆಚ್ಚುವರಿಯಾಗಿ ಒಳಗೆ ಕಳೆಯಬೇಕಾದ 2025ರ ಜನವರಿಗೆ ಆರು ದಿನ ಸೇರಿದರೂ ಒಟ್ಟು 417 ಮಾತ್ರ. ಬಿಡುಗಡೆ ಫೆಬ್ರವರಿ 24ಕ್ಕೆ ಜಾರಿತು. ಒಂದು ಬಕೆಟ್ ನೀರಿಗೆ 27 ದಿನ. ಅದೇ ಜಗಳ 2022ರ ಅಕ್ಟೋಬರ್‌ನಲ್ಲಿ ನಡೆದಿದ್ದರೆ 2023, 24ರ ಅಕ್ಟೋಬರ್‌ಗಳಲ್ಲಿ ಮತ್ತೆ ವರ್ಷ ತುಂಬುತ್ತಿತ್ತು, ನಷ್ಟ ಮೂರೇ ದಿನ. ತಪ್ಪು ಒಂದೇ ಆದರೂ ಬೆಲೆ ತಾರೀಖಿನ ಮೇಲೆ. ಕೊನೆಯ ವರ್ಷದ ಎಡವಟ್ಟಿನಿಂದ ಸುಧಾರಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಹಾಗಾಗಿ ‘ಇನ್ನೇನು ಹೊರಗೆ ಹೋಗ್ತೀನಲ್ಲ’ ಎಂಬ ಸಡಿಲ ಕೊನೆಯ ವರ್ಷದಲ್ಲಿ ಬೇಡ.

ವಿಶೇಷ ಮಾಫಿ

ಬೆಂಕಿ, ಗಲಭೆ ವೇಳೆ ಸಿಬ್ಬಂದಿಗೆ ನೆರವಾದದ್ದು, ಒಬ್ಬರ ಜೀವ ಉಳಿಸಿದ್ದು, ಪರಾರಿ ತಡೆದದ್ದು, ಸಹಕೈದಿಗಳಿಗೆ ಓದು ಬರಹ ಕಲಿಸಿದ್ದು, ಕೈಗಾರಿಕೆಯಲ್ಲಿ ಅಥವಾ ಕೃಷಿಯಲ್ಲಿ ಎದ್ದುಕಾಣುವ ಕೆಲಸ, ಇವಕ್ಕೆ ವಿಶೇಷ ಮಾಫಿ ಸಿಗುತ್ತದೆ. ಇವುಗಳಲ್ಲಿ ನಿಮ್ಮ ಕೈಯಲ್ಲಿರುವುದು ಕಲಿಸುವುದು ಮತ್ತು ಕೆಲಸ. ಅಕ್ಷರ ಕಲಿಸುವ ತರಗತಿ ನಡೆಸುತ್ತಿದ್ದರೆ ಯಾವ ತಿಂಗಳು ಎಷ್ಟು ಜನ ಎಂಬುದು ಜೈಲಿನ ಶಿಕ್ಷಕರ ಸಹಿಯೊಂದಿಗೆ ದಾಖಲಾಗಲಿ. ವಿಶೇಷ ಮಾಫಿ ತಾನಾಗಿ ಬರುವುದಿಲ್ಲ, ಶಿಫಾರಸು ಬೇಕು. ಶಿಫಾರಸಿಗೆ ಬರೆದಿಟ್ಟ ದಾಖಲೆ ಬೇಕು. ಇಗ್ನೊ ಮೂಲಕ ಪದವಿ ಓದಿದರೆ ಅದು ಮುಂದೆ ಅವಧಿಪೂರ್ವ ಬಿಡುಗಡೆಯ ಕಡತದಲ್ಲೂ ತೂಕಕ್ಕೆ ಬರುತ್ತದೆ.

ದಿನಗಳು ಕಳೆಯುವುದು ಎಲ್ಲೆಲ್ಲಿ

ಮೊಬೈಲ್. ಉಳಿದೆಲ್ಲವೂ ಇದರ ಮುಂದೆ ಸಣ್ಣದು. ಬ್ಯಾರಕಿನಲ್ಲಿ ಫೋನ್ ಸಿಕ್ಕರೆ ಜೈಲು ಅಪರಾಧದ ಜತೆಗೆ ಹೊಸ ಎಫ್‌ಐಆರ್ ಕೂಡ ಬೀಳುತ್ತದೆ. ಮಾಫಿ ಕಡಿತ, ಮತ್ತೊಂದು ವಿಚಾರಣೆ, ಬಿಡುಗಡೆ ದಿನ ಬಾಡಿ ವಾರಂಟ್. ‘ಒಂದ್ಸಲ ಅಮ್ಮನ ಹತ್ರ ಮಾತಾಡಿ ಕೊಡ್ತೀನಿ’ ಎಂದು ಇನ್ನೊಬ್ಬರ ಫೋನ್ ಕೈಗೆ ತೆಗೆದುಕೊಂಡವರೂ ಸಿಕ್ಕಿಬೀಳುತ್ತಾರೆ. ಜೈಲಿನ ಅಧಿಕೃತ ಫೋನ್ ಸೌಲಭ್ಯಕ್ಕೆ ಮನೆಯವರ ನಂಬರುಗಳನ್ನು ಮೊದಲ ವಾರವೇ ನೋಂದಾಯಿಸಿ.

ಪೆರೋಲ್‌ನಿಂದ ತಡವಾಗಿ ಮರಳುವುದು ಎರಡನೆಯದು. ಊರಿನಲ್ಲಿ ಹುಷಾರು ತಪ್ಪಿದರೆ ಸರ್ಕಾರಿ ಆಸ್ಪತ್ರೆಯ ಚೀಟಿಯೊಂದಿಗೆ ಅವಧಿ ಮುಗಿಯುವ ಮೊದಲೇ ವಿಸ್ತರಣೆ ಕೇಳಬೇಕು, ಮುಗಿದ ಮೇಲಲ್ಲ. ಇನ್ನೊಂದು ಮಾತು: ಫರ್ಲೋ (ಸನ್ನಡತೆಗೆ ಕೊಡುವ ರಜೆ) ಮೇಲೆ ಹೊರಗಿದ್ದ ದಿನ ಸಾಮಾನ್ಯವಾಗಿ ಶಿಕ್ಷೆಯಲ್ಲಿ ಸೇರುತ್ತದೆ, ತುರ್ತು ಕಾರಣಕ್ಕೆ ಕೊಡುವ ಪೆರೋಲ್ ದಿನ ಸೇರುವುದಿಲ್ಲ. ಅವಧಿಪೂರ್ವ ಬಿಡುಗಡೆಗೆ 14 ವರ್ಷ ಎಣಿಸುವಾಗ ಪೆರೋಲ್ ಕಾಲವನ್ನು ಬಿಡಬೇಕೆಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಗೋವಾದ ಪ್ರಕರಣವೊಂದರಲ್ಲಿ ಹೇಳಿದೆ. ಮೇಲ್ಮನವಿ ಬಾಕಿಯಿದ್ದಾಗ ಜಾಮೀನಿನ ಮೇಲಿದ್ದ ಕಾಲವೂ ಲೆಕ್ಕಕ್ಕಿಲ್ಲ.

ಸುಳ್ಳು ದೂರಿನ ಮೇಲೆ ಮಾಫಿ ಕಡಿತವಾದರೆ ಸುಮ್ಮನಿರಬೇಡಿ. ಆರೋಪ ಏನೆಂದು ತಿಳಿಸಬೇಕು, ಕೈದಿಯ ಹೇಳಿಕೆ ಕೇಳಬೇಕು, ಶಿಕ್ಷೆಯ ಪುಸ್ತಕದಲ್ಲಿ ಬರೆಯಬೇಕು. ಸೆಷನ್ಸ್ ನ್ಯಾಯಾಧೀಶರ ಪರಿಶೀಲನೆಯಿಲ್ಲದೆ ಸೌಲಭ್ಯ ಕಿತ್ತುಕೊಳ್ಳುವಂಥ ಶಿಕ್ಷೆ ಕೂಡದು, ತುರ್ತಾದರೆ ಎರಡು ದಿನದೊಳಗೆ ಅವರಿಗೆ ತಿಳಿಸಬೇಕು ಎಂದು ಸುಪ್ರೀಂ ಕೋರ್ಟಿನ 1980ರ ಸುನಿಲ್ ಬಾತ್ರಾ ಎರಡನೇ ತೀರ್ಪು ಹೇಳುತ್ತದೆ. ಜಿಲ್ಲಾ ನ್ಯಾಯಾಧೀಶರು ಜೈಲಿಗೆ ಭೇಟಿ ಕೊಟ್ಟಾಗ ಬರೆದ ಅರ್ಜಿ ಕೈಗೆ ಕೊಡಿ.

ಮೂರು ತಿಂಗಳಿಗೊಮ್ಮೆ ಕಾರ್ಡ್ ನೋಡಿ

ಮಾಫಿಯನ್ನು ಕಾರ್ಡಿಗೆ ಏರಿಸುವುದು ಮೂರು ತಿಂಗಳಿಗೊಮ್ಮೆ. ಪ್ರತಿ ಸಲ ಕೈದಿ ತನ್ನ ನೋಟುಪುಸ್ತಕದಲ್ಲಿ ನಕಲು ಇಟ್ಟುಕೊಳ್ಳಬೇಕು. ಬೆಂಗಳೂರಿನ ಪರಪ್ಪನ ಅಗ್ರಹಾರದಿಂದ ಬಳ್ಳಾರಿಗೋ ಕಲಬುರಗಿಗೋ ವರ್ಗವಾದಾಗ ಹಳೆ ಜೈಲಿನ ಕೊನೆಯ ಒಂದೆರಡು ತಿಂಗಳ ಮಾಫಿ ದಾರಿಯಲ್ಲೇ ಉಳಿದುಬಿಡುತ್ತದೆ. ವರ್ಗವಾದ ಮೊದಲ ತಿಂಗಳಲ್ಲೇ ಒಟ್ಟು ಹೋಲಿಸಿ. ವ್ಯತ್ಯಾಸವಿದ್ದರೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ ಕೈದಿಯೇ ತನ್ನ ಹೆಸರಿನಲ್ಲಿ ಮಾಹಿತಿ ಹಕ್ಕು ಅರ್ಜಿ ಹಾಕಲಿ. ಉತ್ತರಕ್ಕೆ 30 ದಿನ ಗಡುವು. ವ್ಯಕ್ತಿಯ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ. ಬಿಡುಗಡೆ ದಿನ ದಾಟಿಹೋಗುತ್ತಿದೆ ಎಂಬಾಗ ಈ 48 ಗಂಟೆಯ ಮಾತನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ.

ಜೀವಾವಧಿ: ಇಲ್ಲಿ ಕೂಡುವ ಕಳೆಯುವ ಲೆಕ್ಕ ಸಾಲದು

ಜೀವಾವಧಿ ಎಂದರೆ 14 ವರ್ಷ ಎಂಬ ನಂಬಿಕೆ ಹಳ್ಳಿ ಕಟ್ಟೆಯಿಂದ ವಕೀಲರ ಕಚೇರಿವರೆಗೂ ಇದೆ. ಅದು ತಪ್ಪು. ಜೀವಾವಧಿ ಎಂದರೆ ಉಸಿರಿರುವ ತನಕ. ಸುಪ್ರೀಂ ಕೋರ್ಟಿನ 1961ರ ಗೋಪಾಲ್ ಗೋಡ್ಸೆ ತೀರ್ಪಿನಿಂದ ಇದೇ ಕಾನೂನು. ಮಾಫಿ ಎಷ್ಟು ಕೂಡಿದರೂ ಸರ್ಕಾರ ಆದೇಶ ಮಾಡದೆ ಗೇಟು ತೆರೆಯುವುದಿಲ್ಲ. 14 ವರ್ಷ ಎಂಬುದು ಕನಿಷ್ಠದ ಗೆರೆ. ಮರಣದಂಡನೆಯೂ ವಿಧಿಸಬಹುದಾಗಿದ್ದ ಅಪರಾಧಕ್ಕೆ ಜೀವಾವಧಿಯಾಗಿದ್ದರೆ, ಮಾಫಿ ಬಿಟ್ಟು, ನಿಜವಾಗಿ 14 ವರ್ಷ ಒಳಗಿರಲೇಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 433ಎ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 475ನೇ ಕಲಂ ಇದು. ವಿಚಾರಣೆ ಕಾಲದ ದಿನಗಳು ಈ 14ರಲ್ಲಿ ಸೇರುತ್ತವೆ. ರಾಜ್ಯಪಾಲರಿಗೆ ಸಂವಿಧಾನದ 161ನೇ ವಿಧಿ ಕೊಟ್ಟ ಅಧಿಕಾರಕ್ಕೆ ಮಾತ್ರ ಈ ಗೆರೆ ಅಡ್ಡಿಯಲ್ಲ. ಕೋರ್ಟೇ ‘ಮಾಫಿ ಇಲ್ಲದೆ ಇಷ್ಟು ವರ್ಷ’ ಅಥವಾ ‘ಜೀವ ಇರುವವರೆಗೆ’ ಎಂದು ಬರೆದಿದ್ದರೆ ದಾರಿ ಇನ್ನೂ ಕಿರಿದು. ಇಂಥ ಶಿಕ್ಷೆಗೆ ತಳಪಾಯ ಹಾಕಿದ್ದು ನಮ್ಮದೇ ರಾಜ್ಯದ ಪ್ರಕರಣ, 2008ರ ಸ್ವಾಮಿ ಶ್ರದ್ಧಾನಂದ ತೀರ್ಪು.

ಯಾವ ಸರ್ಕಾರಕ್ಕೆ ಅರ್ಜಿ? ಶಿಕ್ಷೆ ವಿಧಿಸಿದ ಕೋರ್ಟು ಯಾವ ರಾಜ್ಯದ್ದೋ ಆ ಸರ್ಕಾರಕ್ಕೆ. ಕೊಲ್ಲಾಪುರದ ಕೋರ್ಟು ಶಿಕ್ಷೆ ಕೊಟ್ಟಿದ್ದರೆ ಕೈದಿ ಬೆಳಗಾವಿಯ ಹಿಂಡಲಗಾದಲ್ಲಿದ್ದರೂ ತೀರ್ಮಾನ ಮಹಾರಾಷ್ಟ್ರದ್ದು. 2002ರ ಗುಜರಾತ್ ಗಲಭೆ ಕಾಲದ ಬಿಲ್ಕಿಸ್ ಬಾನು ಪ್ರಕರಣದ 11 ಜನರ ಬಿಡುಗಡೆಯನ್ನು 2024ರ ಜನವರಿ 8ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು ಮುಖ್ಯವಾಗಿ ಇದೇ ಕಾರಣಕ್ಕೆ. ವಿಚಾರಣೆ ನಡೆದದ್ದು ಮುಂಬೈಯಲ್ಲಿ, ಬಿಟ್ಟದ್ದು ಗುಜರಾತ್.

ಹದಿಮೂರನೇ ವರ್ಷದಲ್ಲೇ ಕಾಗದ ಜೋಡಿಸಲು ಶುರುಮಾಡಿ. ಜೈಲಿನಿಂದ ನಡತೆ ವರದಿ, ಶಿಕ್ಷೆಯ ವಿವರಪಟ್ಟಿ, ವೈದ್ಯಾಧಿಕಾರಿಯ ವರದಿ. ಊರಿನಿಂದ ಪೊಲೀಸ್ ವರದಿ, ಪ್ರೊಬೇಷನ್ ಅಧಿಕಾರಿಯ ವರದಿ. ಶಿಕ್ಷೆ ವಿಧಿಸಿದ ಕೋರ್ಟಿನ ನ್ಯಾಯಾಧೀಶರ ಅಭಿಪ್ರಾಯ, ಅದೂ ಕಾರಣ ಸಹಿತ. ಕಡತ ಕೆಡುವುದು ಹೆಚ್ಚಾಗಿ ಪೊಲೀಸ್ ವರದಿಯಲ್ಲಿ. ‘ಬಿಟ್ಟರೆ ಗ್ರಾಮದಲ್ಲಿ ಶಾಂತಿಭಂಗವಾಗುವ ಸಂಭವವಿದೆ’ ಎಂಬ ಸಿದ್ಧಮಾದರಿಯ ಸಾಲೊಂದು ಬಿದ್ದರೆ ಉಳಿದ ಎಲ್ಲ ಒಳ್ಳೆಯ ವರದಿಗಳೂ ಮಂಕಾಗುತ್ತವೆ. ಮನೆಯವರ ಕೆಲಸ ಇಲ್ಲಿದೆ. ಹೊರಬಂದ ಮೇಲೆ ಎಲ್ಲಿರುತ್ತಾರೆ, ಏನು ದುಡಿಮೆ, ಯಾರು ಜಾಮೀನು ಎಂಬುದನ್ನು ಪ್ರಮಾಣಪತ್ರದಲ್ಲಿ ಬರೆದು ಪ್ರೊಬೇಷನ್ ಅಧಿಕಾರಿಗೂ ಠಾಣೆಗೂ ಮೊದಲೇ ಕೊಡಿ. ಪೆರೋಲ್‌ನಲ್ಲಿ ಊರಿಗೆ ಬಂದು ಗಲಾಟೆಯಿಲ್ಲದೆ ಮರಳಿದ ತಾರೀಖುಗಳನ್ನೂ ಸೇರಿಸಿ. ಶಾಂತಿಭಂಗದ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಸರ್ಕಾರ ನೋಡಬೇಕಾದ ಐದು ಅಂಶಗಳನ್ನು 2000ದ ಲಕ್ಷ್ಮಣ್ ನಸ್ಕರ್ ತೀರ್ಪು ಹೇಳಿದೆ: ಅಪರಾಧ ವೈಯಕ್ತಿಕವೋ ಸಮಾಜಕ್ಕೆ ತಟ್ಟುವಂಥದ್ದೋ, ಮತ್ತೆ ಮಾಡುವ ಸಾಧ್ಯತೆ ಇದೆಯೋ, ಅಪರಾಧ ಮಾಡುವ ಶಕ್ತಿ ಉಳಿದಿದೆಯೋ, ಇನ್ನೂ ಒಳಗಿಟ್ಟು ಪ್ರಯೋಜನವಿದೆಯೋ, ಮನೆಯ ಸ್ಥಿತಿ ಹೇಗಿದೆ. ಅರ್ಜಿಯನ್ನು ಈ ಐದು ತಲೆಬರಹಗಳಲ್ಲೇ ಬರೆದರೆ ಓದುವವರಿಗೂ ಸುಲಭ. ರಾಜ್ಯದಲ್ಲಿ ಬಿಡುಗಡೆ ನೀತಿ ಇದ್ದರೆ ಅರ್ಜಿ ಬಾರದಿದ್ದರೂ ಅರ್ಹರನ್ನು ಪರಿಗಣಿಸಬೇಕೆಂದು 2025ರ ಫೆಬ್ರವರಿ 18ರಂದು ಸುಪ್ರೀಂ ಕೋರ್ಟ್ ಹೇಳಿದೆ. ಹಾಗಿದ್ದರೂ ಅರ್ಜಿ ಹಾಕಿ, ಸ್ವೀಕೃತಿ ಇಟ್ಟುಕೊಳ್ಳಿ. ಕಡತ ಎಲ್ಲಿ ನಿಂತಿದೆ ಎಂದು ನಂತರ ಕೇಳಲು ಅದೇ ಹಿಡಿತ.

ತಿರಸ್ಕಾರವಾದರೆ ಆದೇಶದ ಪ್ರತಿ ಪಡೆಯಿರಿ. ಕಾರಣ ಬರೆಯದ ಆದೇಶವನ್ನು, ಇಲ್ಲವೇ ಬರಿ ಅಪರಾಧದ ಕ್ರೌರ್ಯವನ್ನಷ್ಟೇ ಹಿಡಿದು ಹದಿನಾಲ್ಕು ವರ್ಷದ ನಡತೆಯನ್ನು ನೋಡದ ಆದೇಶವನ್ನು ಬೆಂಗಳೂರು, ಧಾರವಾಡ ಅಥವಾ ಕಲಬುರಗಿಯ ಹೈಕೋರ್ಟ್ ಪೀಠದಲ್ಲಿ ರಿಟ್ ಅರ್ಜಿಯ ಮೂಲಕ ಪ್ರಶ್ನಿಸಬಹುದು. ಹೈಕೋರ್ಟು ಸಾಮಾನ್ಯವಾಗಿ ತಾನೇ ಬಿಡುವುದಿಲ್ಲ, ಮತ್ತೆ ಪರಿಶೀಲಿಸಿ ಎಂದು ಸರ್ಕಾರಕ್ಕೆ ಕಳಿಸುತ್ತದೆ. ವಕೀಲರಿಗೆ ಹಣವಿಲ್ಲದಿದ್ದರೆ ಜೈಲಿನ ಕಾನೂನು ನೆರವು ಕೇಂದ್ರ, ಇಲ್ಲವೇ 15100ಕ್ಕೆ ಕರೆ.

ಬಿಡುಗಡೆ ಆದೇಶ ಬಂದ ದಿನ ಅದರ ಷರತ್ತುಗಳನ್ನು ಓದಿಸಿಕೊಂಡೇ ಸಹಿ ಮಾಡಿ. ಠಾಣೆಯಲ್ಲಿ ಯಾವ ದಿನ ಸಹಿ, ಯಾವ ಊರಿಗೆ ಹೋಗಬಾರದು, ಎಷ್ಟು ವರ್ಷ. ಷರತ್ತು ಮುರಿದರೆ ಸರ್ಕಾರ ಮಾಫಿ ರದ್ದು ಮಾಡಬಹುದು, ವಾರಂಟ್ ಇಲ್ಲದೆಯೇ ಹಿಡಿದು ಉಳಿದ ಶಿಕ್ಷೆಗೆ ಒಳಗೆ ಕಳಿಸಬಹುದು. ಆದರೆ ನೋಟಿಸ್ ಕೊಟ್ಟು ಉತ್ತರ ಕೇಳದೆ ರದ್ದು ಮಾಡುವಂತಿಲ್ಲ. ಠಾಣೆಗೆ ಹೋದಾಗಲೆಲ್ಲ ಪುಸ್ತಕದಲ್ಲಿ ಸಹಿ ಹಾಕಿದ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ಪೊಲೀಸರು ಬಿಡದಿದ್ದರೆ ತಾರೀಖು, ಹೊತ್ತು, ಡ್ಯೂಟಿಯಲ್ಲಿದ್ದವರ ಹೆಸರು ನಿಮ್ಮ ಡೈರಿಯಲ್ಲಿ ಇರಲಿ.